ಸೂಜಿ ಜ್ವರ

ಲಸಿಕೆ ಚುಚ್ಚಿದ ಜಾಗಕ್ಕೆ ಒದ್ದೆ ಬಟ್ಟೆ ಇಡಲೆಂದು ತಾಯಿ ಕಿರಿಯ ಮಗನ ತೋಳನ್ನು ಒತ್ತಿ ನೋಡಿದಳು. ಅವನು ಮುಲುಗಲಿಲ್ಲ. ಇನ್ನೊಂದು ತೋಳನ್ನೂ ಒತ್ತಿದಳು. ಬಾವಿಲ್ಲ, ಗುರುತಿಲ್ಲ. ಇಸ್ತ್ರಿ ಅಂಗಡಿಯಲ್ಲಿ ಪೆಟ್ಟಿಗೆಯ ಬಿಸಿ ನೋಡುವ ಹಾಗೆ ಹಣೆಗೆ ಬೆರಳು ತಾಗಿಸಿ, ಸರಕ್ಕನೆ ತೆಗೆದಳು.

"ಬೇಡ ಬೇಡ ಅಂದ್ರೂ ಹಾಕಿಸ್ದೆ. ಈಗ ಅನುಭವಿಸು," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

"ಸೂಜಿ ಜ್ವರ ಅತ್ತೆ, ಇಳಿಯುತ್ತೆ. ನರ್ಸೇ ಹೇಳಿದಾರೆ." ಮೂರು ದಿನದಿಂದ ಅವಳದು ಇದೇ ಮಾತು. ಆಸ್ಪತ್ರೆಗೆ ಹೋಗೋಣವೆಂದ ಗಂಡನ ಬಾಯನ್ನೂ ಇದರಿಂದಲೇ ಮುಚ್ಚಿಸಿದ್ದಳು. ಇಷ್ಟಕ್ಕೆಲ್ಲ ಮಗುವನ್ನು ಸೋಂಕಿನವರ ನಡುವೆ ಒಯ್ಯುವುದುಂಟೇ ಎಂದು ರೇಗಿದ್ದಳು.

ಗೋಡೆಯ ಪಕ್ಕ ಕಿರಿಯವನ ಅವಳಿ ಅಣ್ಣ ಮುದುಡಿ ಕೂತಿದ್ದ. ತದ್ರೂಪ ಮುಖ. ಅವಳು ಅವನ ಎಡತೋಳು ಹಿಡಿದಳು. "ನೋವಮ್ಮಾ," ಎಂದ. ಬಲತೋಳು ಹಿಡಿದಾಗಲೂ ಕೈ ಕಿತ್ತುಕೊಂಡ. ಎರಡರಲ್ಲೂ ಕಡಲೆ ಗಾತ್ರದ ಗಂಟು. ಲಸಿಕೆಯ ದಿನ ಶಾಲೆಯವರು ತಾಯಂದಿರನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು.

"ಅವನು ಸೂಜಿ ನೋಡಿ ಅಳ್ತಾ ಇದ್ದ," ಎಂದ ಅಣ್ಣ. "ಅದಕ್ಕೆ ಅವನ ಅಂಗಿ ಹಾಕ್ಕೊಂಡು ನಾನೇ ಇನ್ನೊಂದ್ಸಲ ಹೋದೆ. ನನಗೇನೂ ಆಗ್ಲಿಲ್ಲ ನೋಡು. ಬೈಬೇಡಮ್ಮ."

ಅವಳು ಬೈಯಲಿಲ್ಲ. ಕಿರಿಯವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಅತ್ತೆಯನ್ನು ದಾಟಿ ಬೀದಿಗಿಳಿದಳು. ಕಿವಿಯ ಬಳಿ ಅವನ ಉಸಿರು ಸುಯ್ಯೆನ್ನುತ್ತಿತ್ತು. ಆ ಸದ್ದನ್ನೂ ಅವಳು ಈವರೆಗೆ ಸೂಜಿಯ ತಲೆಗೇ ಕಟ್ಟಿದ್ದಳು.