ಗಟ್ಟಿ ಮನಸ್ಸಿನ ಮೇಷ್ಟ್ರು

"ಬಂದ್ಬಿಡಿ ಹಾರ್ಲನ್, ಪಕ್ಕದ ಸೀಟು ಖಾಲಿ ಇದೆ," ಎಂದಳು ಆರ್ಡಿಸ್, ಕಾರಿನ ಡಿಕ್ಕಿಯನ್ನು ದಪ್ಪೆಂದು ಮುಚ್ಚುತ್ತಾ. "ಅರಿಜೋನಾದಲ್ಲಿ ಈಗ ಒಳ್ಳೇ ಬಿಸಿಲಂತೆ. ನಮ್ಮಕ್ಕನ ಮನೆ ಹತ್ರಾನೇ ಒಂದು ಪುಟ್ಟ ಮನೆ ತಗೊಂಡಿದೀನಿ. ಇಬ್ಬರಿಗೆ ಧಾರಾಳವಾಗಿ ಸಾಕು."

"ಅಯ್ಯೋ ಬೇಡ ಬೇಡ, ನಿಮಗ್ಯಾಕೆ ಸುಮ್ನೆ ತೊಂದರೆ!" ಎಂದೆ.

ಹೀಗೆಂದ ಮಹಾನುಭಾವನ ಸ್ಥಿತಿ ಕೇಳಿ. ಅವಳು ಕರೆದೇ ಕರೆಯುತ್ತಾಳೆಂದು ನನ್ನ ಬೆಕ್ಕನ್ನು ಆಗಲೇ ತಂಗಿಯ ಮನೆಗೆ ಬಿಟ್ಟು ಬಂದಿದ್ದೆ. ದಪ್ಪ ಕೋಟಿನೊಳಗೆ ಹೂವಿನ ಚಿತ್ತಾರದ ಹೊಸ ಅರ್ಧ ತೋಳಿನ ಅಂಗಿ ತೊಟ್ಟಿದ್ದೆ, ಅದು ಮೈಯೆಲ್ಲ ಕಡಿಯುತ್ತಿತ್ತು. ಆರ್ಡಿಸ್ ಇಲ್ಲಿನ ಮನೆ ಮಾರಿ ಹೊರಟಿದ್ದಳು, ಇನ್ನು ಈ ಊರಿಗೆ ಬರುವವಳಲ್ಲ. ಅವಳಿಗೆ ಗಂಡನಿಲ್ಲ, ನನಗೆ ಹೆಂಡತಿಯಿಲ್ಲ. ಅವಳೆಂದರೆ ನನಗೆ ಪ್ರಾಣ. ನಿಮ್ಮೆದುರು ಇಷ್ಟು ಸಲೀಸಾಗಿ ಹೇಳಿದೆನಲ್ಲ, ಅವಳೆದುರು ಒಂದು ದಿನವೂ ಬಾಯಿಬಿಟ್ಟವನಲ್ಲ.

ಹಾಗಾದರೆ ಬೇಡ ಅಂದದ್ದೇಕೆ? ಮಿನ್ನೆಸೋಟದಲ್ಲಿ ಹುಟ್ಟಿದ ಕರ್ಮಕ್ಕೆ. ನಮ್ಮಲ್ಲಿ ಯಾರಾದರೂ ಕಾಫಿ ಬೇಕಾ ಅಂದರೆ ಮೊದಲು ಬೇಡ ಅನ್ನಬೇಕು. ಮತ್ತೆ ಕೇಳಿದರೆ ಪರವಾಗಿಲ್ಲ ಬಿಡಿ ಅನ್ನಬೇಕು. ಮೂರನೇ ಸಲ ಕೇಳಿದಾಗ, ಏನೋ ನಿಮ್ಮ ಬಲವಂತಕ್ಕೆ ಅನ್ನುವ ಹಾಗೆ, "ಸರಿ, ಒಂಚೂರು ಹಾಕಿ," ಎಂದು ಕಪ್ಪು ಚಾಚಬೇಕು. ಕೇಳುವವರಿಗೂ ಇದು ಗೊತ್ತು, ಅವರೂ ಮೂರು ಸಲ ಕೇಳಿಯೇ ಕೇಳುತ್ತಾರೆ. ಮೊದಲ ಸಲಕ್ಕೇ ಹೂಂ ಅನ್ನುವವನನ್ನು ಊಟ ಕಂಡು ಎಷ್ಟು ದಿನವಾಯಿತೋ ಪಾಪ, ಇಲ್ಲವೇ ನಯನಾಜೂಕು ಗೊತ್ತಿಲ್ಲದ ಚಿಕಾಗೋ ಕಡೆಯವನಿರಬೇಕು ಎಂದುಕೊಳ್ಳುತ್ತಾರೆ.

ಇದು ಸಾಲದೆಂದು ನಾನು ಇನ್ನೊಂದು ಘನಂದಾರಿ ಕೆಲಸ ಮಾಡಿಕೊಂಡಿದ್ದೆ. ಸಿಗರೇಟು ಬಿಟ್ಟ ಒಂದೇ ಒಂದು ಸಾಧನೆಯನ್ನು ಬಂಡವಾಳ ಮಾಡಿಕೊಂಡು, ಚರ್ಚಿನ ನೆಲಮಾಳಿಗೆಯಲ್ಲಿ ಮಂಗಳವಾರ ಮಂಗಳವಾರ ಇಚ್ಛಾಶಕ್ತಿಯ ಪಾಠ ಹೇಳುತ್ತಿದ್ದೆ. ಮನಸ್ಸನ್ನು ಅರಿಯುವುದು ಹೇಗೆ, ಹುರಿಗೊಳಿಸುವುದು ಹೇಗೆ ಎಂದೆಲ್ಲ. ಆರ್ಡಿಸ್ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. "ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ! ಒಬ್ಬರು ಬೇಡ ಅಂದಮೇಲೂ ಪೀಡಿಸಿದರೆ ಅವರ ಇಚ್ಛಾಶಕ್ತಿಗೇ ಅವಮಾನ ಮಾಡಿದ ಹಾಗೆ!" ಎಂದು ಮೇಜು ಕುಟ್ಟಿ ಹೇಳಿದ್ದೆ. ಅವಳು ತಲೆದೂಗಿದ್ದಳು. ಅವಳು ತಲೆದೂಗಿದ ಖುಷಿಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದ್ದೆ.

ಆರ್ಡಿಸ್ ಕೈಗವಸು ಹಾಕಿಕೊಳ್ಳುತ್ತಾ ನನ್ನ ಹತ್ತಿರ ಬಂದಳು. "ನಿಜವಾಗ್ಲೂ ಬೇಡ್ವಾ? ಇನ್ನೊಂದ್ಸಲ ಯೋಚ್ನೆ ಮಾಡಿ ನೋಡಿ."

ಬಂತಪ್ಪ, ಎರಡನೆಯದು ಬಂತು! ಒಳಗೊಳಗೇ ಹಿಗ್ಗಿಹೋದೆ. "ಪರವಾಗಿಲ್ಲ ಬಿಡಿ, ಈ ಚಳಿ ನನಗೆ ಒಗ್ಗಿಹೋಗಿದೆ," ಎಂದು ಮುಗುಳ್ನಕ್ಕು, ಮೂರನೆಯದಕ್ಕೆ ಕಾದು ನಿಂತೆ.

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಅವಳ ಬೂಟು ನೋಡಿದೆ.

"ಸರಿ ಹಾಗಾದ್ರೆ," ಎಂದಳು. "ನೀವೇ ಹೇಳ್ಕೊಟ್ಟಿದ್ದಲ್ವಾ ಮೇಷ್ಟ್ರೇ, ಬೇಡ ಅಂದ್ಮೇಲೆ ಪೀಡಿಸಬಾರದು ಅಂತ. ನಾನು ನಿಮಗೆ ಅವಮಾನ ಮಾಡಲ್ಲ."

ಹಾಳು ಬಾಯೇ! ಇಡೀ ತರಗತಿಯಲ್ಲಿ ಒಬ್ಬರೂ ತಲೆಗೆ ಹಾಕಿಕೊಳ್ಳದ ಪಾಠವನ್ನು ಇವಳೊಬ್ಬಳು ಕಲಿಯಬೇಕಿತ್ತೇ? ಅದನ್ನು ನನ್ನ ಮೇಲೆಯೇ ಪ್ರಯೋಗ ಮಾಡಬೇಕಿತ್ತೇ?

ಅವಳು ಕಾರು ಹತ್ತಿ ಎಂಜಿನ್ ಶುರು ಮಾಡಿದಳು. ಆದರೆ ಹೊರಡಲಿಲ್ಲ. ಕಿಟಕಿಯ ಗಾಜು ಇಳಿಸಿ ಸುಮ್ಮನೆ ಕುಳಿತಳು. ನನ್ನಂಥವನಿಗೂ ಅರ್ಥವಾಯಿತು, ಕಾಯುತ್ತಿದ್ದಾಳೆ ಎಂದು. ಹೇಳೋ ಮುಠ್ಠಾಳ, ನಾನೂ ಬರ್ತೀನಿ ಅಂತ ಹೇಳು, ಎಂದು ಎದೆ ಬಡಿದುಕೊಳ್ಳುತ್ತಿತ್ತು. ಮುಷ್ಟಿ ಬಿಗಿ ಹಿಡಿಯಿರಿ, ಉಸಿರೆಳೆದುಕೊಳ್ಳಿ, ಮನಸ್ಸಿನಲ್ಲಿರುವುದನ್ನು ಆಡಿಬಿಡಿ ಎಂದು ತರಗತಿಯಲ್ಲಿ ಎಷ್ಟು ಜನಕ್ಕೆ ಹೇಳಿಕೊಟ್ಟವನು ನಾನು! ಕೋಟಿನ ಜೇಬಿನೊಳಗೆ ಮುಷ್ಟಿ ಬಿಗಿ ಹಿಡಿದೆ. ಉಸಿರೆಳೆದುಕೊಂಡೆ. ಬಾಯಿ ತೆರೆದೆ.

"ದಾರೀಲಿ ಜಿಂಕೆ ಅಡ್ಡ ಬರ್ತವೆ, ನೋಡ್ಕೊಂಡು ಓಡ್ಸಿ."

"ಅಷ್ಟೇನಾ?" ಎಂದಳು. ಅವಳ ಕಣ್ಣು ತುಂಬಿತ್ತು.

"ಅಯೋವಾ ದಾಟೋವಾಗ್ಲೂ ಹುಷಾರು," ಎಂದೆ. "ಅಲ್ಲೂ ಜಿಂಕೆ ಜಾಸ್ತಿ."

ಗಾಜು ಮೇಲೇರಿತು. ಕಾರು ಹಿಮದ ಮೇಲೆ ನಿಧಾನವಾಗಿ ಹೋಗಿ ಚರ್ಚಿನ ತಿರುವಿನಲ್ಲಿ ಮರೆಯಾಯಿತು. ಎತ್ತಿದ ಕೈಯನ್ನು ಇಳಿಸುವುದು ಕೂಡ ಮರೆತು ಅಲ್ಲೇ ನಿಂತಿದ್ದೆ.

ಎದುರುಮನೆಯ ವೆಂಡೆಲ್ ಹಿಮ ಎತ್ತುವ ಸಲಿಕೆ ಹಿಡಿದುಕೊಂಡೇ ಓಡಿಬಂದ. ಅವನೂ ನನ್ನ ಶಿಷ್ಯನೇ, ಸಿಹಿತಿಂಡಿಯ ಚಪಲ ಬಿಡಲು ಸೇರಿಕೊಂಡವನು.

"ಎಲ್ಲಾ ಕೇಳಿಸ್ಕೊಂಡೆ ಮೇಷ್ಟ್ರೇ! ಅಂಥಾ ಹೆಂಗಸು ಎರಡೆರಡು ಸಲ ಕರೆದ್ರೂ ಜಪ್ಪಯ್ಯ ಅಂದ್ರೂ ಬಗ್ಗಲಿಲ್ವಲ್ಲ ನೀವು! ಮನಸ್ಸು ಗಟ್ಟಿ ಅಂದ್ರೆ ಇದಪ್ಪಾ! ನನಗೆ ಒಂದು ಡೋನಟ್ ಬೇಡ ಅನ್ನೋಕಾಗಲ್ಲ." ಅವನ ಕಣ್ಣಲ್ಲಿ ನಿಜವಾದ ಭಕ್ತಿ ಇತ್ತು. "ಈ ಮಂಗಳವಾರ ಇದನ್ನೇ ಪಾಠ ಮಾಡಿ ಮೇಷ್ಟ್ರೇ, ಎಲ್ರೂ ಕಲೀಲಿ."

"ಆಗಲಿ, ಮಾಡ್ತೀನಿ," ಎಂದೆ.

ಜೀವಮಾನದಲ್ಲಿ ಮೊದಲ ಬಾರಿಗೆ, ಒಂದೇ ಸಲ ಕೇಳಿದ್ದಕ್ಕೆ ಒಪ್ಪಿಕೊಂಡಿದ್ದೆ.