ಲಕ್ಕವ್ವನ ಡಬ್ಬಿ

ಮೀಟರ್ ಗೇಜ್ ಹೋದ ಮೇಲೆ ಸ್ಟೇಷನ್ನಿನ ಮೂಲೆಯಲ್ಲಿ ಖಾಲಿ ಬಿದ್ದಿದ್ದ ರೈಲು ಡಬ್ಬಿಯನ್ನು ಊರವರೇ ಸೇರಿ ಉಳಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಖಾಲಿ ಡಬ್ಬಿಯೊಳಗೆ ಒಲೆ ಹೇಗೆ ಬಿಸಿ ಇರುತ್ತದೆ?

ಅಗಸೆ ಎಣ್ಣೆಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಎದುರಿಗೆ ಬರುತ್ತದೆ. ನಾನಾಗ ಮೂರನೇ ಇಯತ್ತೆ. ಕಾಕಾ ಮತ್ತವರ ಗೆಳೆಯರು ತೇಗದ ಹಲಗೆಗಳನ್ನು ಉಜ್ಜಿ ಎಣ್ಣೆ ಹಚ್ಚುತ್ತಿದ್ದರು. ಒಳಗೆ ಇನ್ನೂ ಬಿಸಿಯಿದ್ದ ಒಲೆಯ ಪಕ್ಕ ಆಡು ಕಾಯುವ ಲಕ್ಕವ್ವ ಕೂತಿದ್ದಳು. ಹೊಳೆ ಬಂದು ಜುಗೂಳ ಹಳ್ಳಿಯಲ್ಲಿದ್ದ ಅವಳ ಮನೆ ಕೊಚ್ಚಿಹೋದಾಗಿನಿಂದ ಅವಳ ವಾಸ ಅಲ್ಲೇ.

“ಹೊರಗ ಬಾರವಾ ಲಕ್ಕವ್ವ. ಇದು ಊರಿನ ಆಸ್ತಿ ಐತಿ,” ಎಂದರು ಕಾಕಾ.

“ಹಂಗಾರ ನಾ ಯಾವೂರಾಕಿ?”

“ಮಹಾರಾಣಿ ಫಸ್ಟ್ ಕ್ಲಾಸ್ ಬಿಡಾಕ ತಯಾರಿಲ್ಲಲೇ!” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಅವಳ ಗಡಿಗೆ, ಕೌದಿಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟರು. ಒಂದು ಗಡಿಗೆಯೂ ಒಡೆಯಲಿಲ್ಲ. ಅವಳು ಎದ್ದುಹೋದ ಜಾಗಕ್ಕೂ ಎಣ್ಣೆ ಹಚ್ಚಿದರು. ಸಂಜೆ ಡಬ್ಬಿ ಮಿಂಚುತ್ತಿತ್ತು. ಎಣ್ಣೆ ಆರುವ ತನಕ ಯಾರೂ ಹತ್ತಬಾರದೆಂದು ಬಾಗಿಲಿಗೆ ಬೀಗ ಜಡಿದು ನಾವೆಲ್ಲ ಮನೆಗೆ ಬಂದೆವು.

ಹೇಳ್ರಿ ಕಾಕಾ, ಅವತ್ತ ರಾತ್ರಿ ಲಕ್ಕವ್ವ ಎಲ್ಲಿ ಮಲ್ಕೊಂಡ್ಳು?