ಬಿಸಿಲಿದ್ದಷ್ಟು ಹೊತ್ತು

"ಮಾವ, ನೀರಿನ ಬಿಸಿ ಆಫ್ ಮಾಡಿದ್ರಿ ತಾನೇ?"

ಬೆಳಗಿನ ಬಿಸಿಲಿನಲ್ಲಿ, ಟೆಂಟಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅಳಿಯ ಬ್ಯಾಟರಿಯ ಗುಂಡಿಯನ್ನು ಒತ್ತಿ ಒತ್ತಿ ನೋಡುತ್ತಿದ್ದ. ಒಂದು ದೀಪವೂ ಹತ್ತಲಿಲ್ಲ. ಮಾವ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಅದು ಅದರ ಪಾಡಿಗೆ ಇತ್ತಪ್ಪ ಎಂದು ಕೆರೆಯ ಕಡೆ ಮುಖ ತಿರುಗಿಸಿದರು.

ನಿದ್ದೆಯಲ್ಲಿ ಅವರ ಉಸಿರು ಗಂಟಲಲ್ಲೇ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆಂದು ಡಾಕ್ಟರು ಒಂದು ಮಷೀನು ಕೊಡಿಸಿದ್ದರು. ಮೂಗಿಗೆ ಮಾಸ್ಕು, ಮಾಸ್ಕಿಗೊಂದು ಕೊಳವೆ, ಕೊಳವೆಯ ತುದಿಯಲ್ಲಿ ರಾತ್ರಿಯೆಲ್ಲ ಗಾಳಿ ಊದುವ ಪೆಟ್ಟಿಗೆ. ಮನೆಯಲ್ಲಾದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರಾಯಿತು. ಈ ಕೆರೆದಂಡೆಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಕರೆಂಟು ಕಂಬವಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಳಿಯ ಬ್ಯಾಟರಿಯನ್ನೂ, ಮಡಿಚಿಡುವ ಸೋಲಾರ್ ಹಲಗೆಯನ್ನೂ ಹೊತ್ತು ತಂದಿದ್ದ. ಗಾಳಿಗೆ ಖರ್ಚಾಗುವ ಕರೆಂಟು ಕಮ್ಮಿ, ಆ ಗಾಳಿ ಒಣಗದಿರಲೆಂದು ಪೆಟ್ಟಿಗೆಯಲ್ಲಿ ನೀರು ಬೆಚ್ಚಗಾಗುತ್ತದಲ್ಲ, ಬ್ಯಾಟರಿಯನ್ನು ನುಂಗುವುದು ಅದೇ, ರಾತ್ರಿ ಅದೊಂದನ್ನು ಆರಿಸಿಬಿಡಿ ಎಂದು ಬಿಡಿಸಿ ಹೇಳಿಯೂ ಇದ್ದ. ಮಾವ ತಲೆಯಾಡಿಸಿದ್ದರು. ಕೈಯಾಡಿಸಿರಲಿಲ್ಲ. ಮಷೀನು ಕೊಡುವಾಗ ಕ್ಲಿನಿಕ್ಕಿನ ಮೇಡಂ, ನಾನು ಹೇಳುವವರೆಗೆ ಇದರಲ್ಲಿ ಏನನ್ನೂ ಬದಲಾಯಿಸಬೇಡಿ ಎಂದಿದ್ದಳು. ಇವರು ಜೀವಮಾನವೆಲ್ಲ ಗೋದಾಮಿನ ರಾತ್ರಿ ಕಾವಲುಗಾರ. ಹುಕುಂ ಕೊಟ್ಟವರೇ ಬಂದು ಹಿಂತೆಗೆದುಕೊಳ್ಳಬೇಕು, ಬೇರೆಯವರ ಮಾತಿಗೆ ಗೇಟು ತೆಗೆಯಬಾರದು. ಯಜಮಾನರ ಖಾಸಾ ತಮ್ಮನನ್ನೇ ಒಮ್ಮೆ ಮಳೆಯಲ್ಲಿ ಹೊರಗೆ ನಿಲ್ಲಿಸಿದ ಆಸಾಮಿ.

ನಡುರಾತ್ರಿ ಬ್ಯಾಟರಿ ಬರಿದಾಗಿ ಮಷೀನಿನ ಗಾಳಿ ನಿಂತಾಗ ಅವರು ಯಾರನ್ನೂ ಎಬ್ಬಿಸಲಿಲ್ಲ. ಸ್ಟೂಲನ್ನು ಹೊರಗೆಳೆದುಕೊಂಡು ಕೂತರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಅವರಿಗೆ ಹೊಸದಲ್ಲ. ಆದರೆ ಹಿಂದೆ ಹಾಗೆ ಕೂತವರಿಗೆ ಬೆಳಗಾದರೆ ಮಲಗುವ ಹಕ್ಕಿತ್ತು. ಇವತ್ತು ಅದು ಬೇಕಿರಲಿಲ್ಲ. ಪಾಳಿ ಮುಗಿಸಿ ನಿವೃತ್ತರಾದ ಮೇಲೆ, ಹತ್ತು ಸಲ ಫೋನು ಎತ್ತಿ ಇಟ್ಟು, ಕೊನೆಗೊಮ್ಮೆ ಅವರೇ ಮಗಳನ್ನು ಕೇಳಿದ್ದರು: ನಿಮ್ಮ ಜೊತೆ ನಾನೂ ಎಲ್ಲಿಗಾದರೂ ಬರಲೇ ಎಂದು. ನಿನ್ನೆ ಕತ್ತಲಾಗುವ ಹೊತ್ತಿಗೆ ಬಂದಿಳಿದಿದ್ದರು, ಇವತ್ತು ಸಂಜೆಗೆ ವಾಪಸು. ಮಗಳ ಜೊತೆ ಇಡೀ ಒಂದು ಹಗಲು ಎಂದು ಸಿಕ್ಕಿದ್ದು ಇದೊಂದೇ. ಮೊಮ್ಮಗಳ ಕೈ ಹಿಡಿದು ಕೆರೆ ಸುತ್ತಿಸುತ್ತೇನೆಂದು ಮಾತು ಬೇರೆ ಕೊಟ್ಟಾಗಿತ್ತು.

ನಿದ್ದೆ ಚೆನ್ನಾಗಿ ಬಂತು ಎಂದು ಮಗಳಿಗೆ ಹೇಳಿ ಚಹಾದ ಲೋಟ ಹಿಡಿದು ಕೂತವರು, ಎರಡು ಗುಟುಕು ಇಳಿಯುವಷ್ಟರಲ್ಲಿ ತೂಕಡಿಸಿದರು. ಗೊರಕೆ ಎದ್ದಿತು, ಏರಿತು, ಕತ್ತರಿಸಿದಂತೆ ನಿಂತಿತು. ಲೋಟ ಉರುಳಿತು. ಅಮ್ಮಾ, ತಾತ ಉಸಿರೇ ಬಿಡ್ತಿಲ್ಲ ಎಂದು ಮೊಮ್ಮಗಳು ಅತ್ತೇಬಿಟ್ಟಳು. ಮಗಳು ಓಡಿಬಂದು ಭುಜ ಹಿಡಿದು ಅಲುಗಾಡಿಸಿದಾಗ, ಮುಳುಗಿ ಮೇಲೆದ್ದವರಂತೆ ಗಾಳಿ ಎಳೆದುಕೊಂಡು ಕಣ್ಣು ಬಿಟ್ಟರು.

"ರಾತ್ರಿಯೆಲ್ಲ ಎದ್ದಿದ್ಯಾ ಅಪ್ಪ? ನಮ್ಮನ್ನ ಎಬ್ಬಿಸೋಕೆ ಏನಾಗಿತ್ತು?"

"ಎಬ್ಬಿಸಿದ್ರೆ ನೀನೇನು ಊದ್ತಾ ಕೂತಿರ್ತಿದ್ಯಾ?"

ಅಳಿಯ ನಕ್ಕ. ಮಗಳು ನಗಲಿಲ್ಲ. ಬಗ್ಗಿ, ಉರುಳಿದ ಲೋಟ ಎತ್ತಿಟ್ಟಳು.

ಅಳಿಯ ಸೋಲಾರ್ ಹಲಗೆಯನ್ನು ಬಿಚ್ಚಿ ಬಿಸಿಲಿಗೆ ಒಡ್ಡಿದ. ಬಿಸಿಲಿದ್ದಷ್ಟು ಹೊತ್ತು ಮಷೀನು ಓಡುತ್ತದೆ, ಈಗಲೇ ಮಲಗಿಬಿಡಿ ಎಂದ. ನೀರಿನ ಬಿಸಿಯನ್ನು ತಾನೇ ಆರಿಸಿ, ಆ ಮೇಡಂ ಬೈದರೆ ನನ್ನ ಹೆಸರು ಹೇಳಿ ಮಾವ ಎಂದೂ ಸೇರಿಸಿದ. ಕೆರೆ ಸುತ್ತಿ ಬಂದು ಮಲಗುತ್ತೇನೆಂದು ಇವರು ಗೋಗರೆದರು.

"ಮೊದ್ಲು ಮಲಗು. ಕೆರೆ ಎಲ್ಲೂ ಓಡಿಹೋಗಲ್ಲ," ಎಂದಳು ಮಗಳು.

ಹಗಲು ಓಡಿಹೋಗುತ್ತದಲ್ಲ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಮೊಮ್ಮಗಳ ಒದ್ದೆ ಕೆನ್ನೆ ನೋಡಿ ನುಂಗಿಕೊಂಡು ಒಳಗೆ ಹೋದರು. ಅರ್ಧ ಗಂಟೆ ಅಷ್ಟೇ ಎಂದುಕೊಂಡು ಮಾಸ್ಕು ಕಟ್ಟಿಕೊಂಡರು. ಗಾಳಿ ಬಂತು. ನಿದ್ದೆ ಬರಲಿಲ್ಲ. ಟೆಂಟಿನ ಬಟ್ಟೆ ಬಿಸಿಲಿಗೆ ಹಳದಿಯಾಗಿ ಹೊಳೆಯುತ್ತಿತ್ತು. ಹೊರಗೆ ಮೊಮ್ಮಗಳು ಏನಕ್ಕೋ ಕಿಲಕಿಲ ನಕ್ಕಳು.

"ಶ್! ಮಲಗಿದಾರೆ."

ಮಗಳ ಧ್ವನಿಯೇ. ಆದರೆ ಆ ಗತ್ತು, ಆ ಒತ್ತು, ಪಾಳಿ ಮುಗಿಸಿ ಇವರು ಹಗಲು ಮಲಗಿದಾಗ ಮಗಳನ್ನು ಸುಮ್ಮನಿರಿಸುತ್ತಿದ್ದ, ತೀರಿಹೋದ ಅವಳ ಅಮ್ಮನದು.

"ಯಾವಾಗ ಏಳ್ತಾರೆ?" ಮೊಮ್ಮಗಳು ಪಿಸುಗುಟ್ಟಿದಳು.

"ಕತ್ತಲಾದ್ಮೇಲೆ," ಎಂದಳು ಮಗಳು, ಯೋಚಿಸದೆ, ಬಾಯಿಪಾಠ ಒಪ್ಪಿಸುವವಳಂತೆ.

ನಾನು ಎದ್ದೇ ಇದ್ದೀನಿ ಕಣಮ್ಮ ಎನ್ನಲು ಅವರು ಬಾಯಿ ತೆರೆದರು. ಮೂಗಿನಿಂದ ನುಗ್ಗುತ್ತಿದ್ದ ಗಾಳಿ ಬಾಯಿಂದ ಬುಸ್ಸೆಂದು ಹೊರಟಿತೇ ಹೊರತು ಮಾತು ಹೊರಡಲಿಲ್ಲ. ನೋಡು, ಎಷ್ಟು ಒಳ್ಳೆ ನಿದ್ದೆ ಹತ್ತಿದೆ ಎಂದು ಹೊರಗೆ ಪಿಸುಮಾತು ಕೇಳಿತು. ಅವರು ತಡವರಿಸುತ್ತ ಮಾಸ್ಕಿನ ಪಟ್ಟಿ ಬಿಚ್ಚಿ ಜಾಲರಿಯ ಕಿಟಕಿಗೆ ಮುಖ ಒತ್ತಿದರು. ಅಷ್ಟು ದೂರದಲ್ಲಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಂದಿಷ್ಟೂ ಸದ್ದಾಗದಂತೆ ಹೆಜ್ಜೆ ಇಡುವುದು ಹೇಗೆಂದು ಮಗಳು ತನ್ನ ಮಗಳಿಗೆ ಕಲಿಸುತ್ತಿದ್ದಳು.